ಪೆಂಟಿಯಂ 4 530, ಅಥ್ಲಾನ್ 64 3200+: ತೋಟದ ಆಫೀಸಿಗೆ ಯಾವುದು?

ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ), ಬಟವಾಡೆ ಲೆಕ್ಕ, ನುಡಿಯಲ್ಲಿ ನಾಲ್ಕು ಪತ್ರ. ಇಷ್ಟೇ ಕೆಲಸವಿರುವ ಕೊಡಗಿನ ತೋಟದ ಆಫೀಸಿಗೆ ಹಳೆಯ ಸಿಂಗಲ್ ಕೋರ್ ಕಂಪ್ಯೂಟರ್ ಈಗಲೂ ಸಾಕು. ಹಳೆ ಯಂತ್ರ ಕೊಳ್ಳುವಾಗ ಹೋಲಿಸಿ ನೋಡಬೇಕಾದ ಪ್ರೊಸೆಸರ್ (ಸಿಪಿಯು) ಜೋಡಿ ಇದು: ಇಂಟೆಲ್‌ನ 2004ರ ಪೆಂಟಿಯಂ 4 530 ಮತ್ತು ಎಎಂಡಿಯ ಅಥ್ಲಾನ್ 64 3200+. ಎರಡನೆಯದರಲ್ಲಿ 2005ರ ವೆನಿಸ್ ಕೋರ್ (ಚಿಪ್ಪಿನ ಒಳವಿನ್ಯಾಸದ ಹೆಸರು) ಇರುವುದನ್ನೇ ಹುಡುಕಿ. ಅದರ ಹಿಂದಿನ ವಿಂಚೆಸ್ಟರ್‌ನಲ್ಲಿ ಎಸ್‌ಎಸ್‌ಇ3 ಎಂಬ ಹೆಚ್ಚುವರಿ ಆದೇಶಗಳ ಗುಂಪು ಇಲ್ಲ. ಸಿಪಿಯು-ಝಡ್ ಎಂಬ ತಂತ್ರಾಂಶ ಹಾಕಿದರೆ ಕೋರ್‌ನ ಹೆಸರು ಕಾಣುತ್ತದೆ.

ಪೆಂಟಿಯಂನ ವೇಗ 3 ಗಿಗಾಹರ್ಟ್ಸ್, ಅಥ್ಲಾನ್‌ನದು 2. ಈ ಅಂಕಿ ನೋಡಿ ದುಡ್ಡು ಕೊಟ್ಟವರು ಬಹಳ. ಪೆಂಟಿಯಂನ ಪೈಪ್‌ಲೈನ್, ಅಂದರೆ ಆದೇಶಗಳು ಒಂದರ ಹಿಂದೊಂದು ಸಾಗುವ ಸಾಲು, 31 ಹಂತದ್ದು, ಅಥ್ಲಾನ್‌ನದು 12. ಮುಂದಿನ ಆದೇಶ ಯಾವುದೆಂಬ ಊಹೆ ತಪ್ಪಿದಾಗಲೆಲ್ಲ ಪೆಂಟಿಯಂ ಅಷ್ಟುದ್ದದ ಸಾಲನ್ನು ಖಾಲಿ ಮಾಡಿ ಮತ್ತೆ ತುಂಬಬೇಕು. ಅಥ್ಲಾನ್‌ನಲ್ಲಿ ಮೆಮೊರಿ ಕಂಟ್ರೋಲರ್ ಸಿಪಿಯು ಒಳಗೇ ಇರುವುದರಿಂದ ರ‍್ಯಾಮ್‌ನಿಂದ ಮಾಹಿತಿ ಬೇಗ ಬರುತ್ತದೆ. ಹಾಗಾಗಿ ಎಲ್2 ಕ್ಯಾಷ್ (ಸಿಪಿಯು ಒಳಗಿನ ವೇಗದ ಮೆಮೊರಿ) 512 ಕೆಬಿ ಮಾತ್ರ, ಅಂದರೆ ಪೆಂಟಿಯಂನ ಅರ್ಧ, ಇದ್ದರೂ ದಿನಬಳಕೆಯಲ್ಲಿ ಅದು ಹಿಂದೆ ಬೀಳುವುದಿಲ್ಲ. ಪೆಂಟಿಯಂಗೂ ಅದರ ಪಾಲು ಸಲ್ಲಬೇಕು: ಒಂದೇ ಕೋರ್ ಎರಡು ಕೆಲಸ ಒಟ್ಟಿಗೆ ಹಿಡಿಯುವ ಹೈಪರ್‌ಥ್ರೆಡಿಂಗ್ ಇರುವುದರಿಂದ ಹಿನ್ನೆಲೆಯಲ್ಲಿ ಆಂಟಿವೈರಸ್ ಓಡುತ್ತಿದ್ದರೂ ಟೈಪಿಂಗ್ ಅಷ್ಟಾಗಿ ತಡವರಿಸದು. ವಿಡಿಯೊ ಕನ್ವರ್ಟ್ ಮಾಡುವವರಿಗೂ ಅದೇ ವಾಸಿ.

ಪ್ರೆಸ್ಕಾಟ್ (530ರ ಕೋರ್‌ನ ಹೆಸರು) ಎಂದರೆ ಬಿಸಿ ಎಂಬ ದೂರು ಹಳೆಯದು. ಮಡಿಕೇರಿಯ ಚಳಿಯಲ್ಲಿ ಅದು ದೊಡ್ಡ ವಿಷಯವಲ್ಲ, ಇಲ್ಲಿ ತೊಂದರೆ ಕೊಡುವುದು ಕರೆಂಟು. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ಸಣ್ಣ ಯುಪಿಎಸ್ ಎಷ್ಟು ಹೊತ್ತು ಎಳೆಯುತ್ತದೆ ಎನ್ನುವುದೇ ಲೆಕ್ಕ. ಟಿಡಿಪಿ (ಸಿಪಿಯು ಹೊರಬಿಡುವ ಶಾಖದ ಅಳತೆ) ಕಾಗದದ ಮೇಲೆ ಪೆಂಟಿಯಂಗೆ 84 ವ್ಯಾಟ್, ಅಥ್ಲಾನ್‌ಗೆ 67 ವ್ಯಾಟ್; ಎರಡು ಕಂಪನಿಗಳ ಅಳತೆಯ ಕ್ರಮವೇ ಬೇರೆ, ಅದನ್ನೇ ನಂಬಿ ಕೂರಬೇಡಿ. ನಿಜವಾದ ವ್ಯತ್ಯಾಸ ಯಂತ್ರ ಸುಮ್ಮನಿರುವಾಗಿನದು. 530 ಕೆಲಸವಿಲ್ಲದಾಗಲೂ 3 ಗಿಗಾಹರ್ಟ್ಸ್‌ನಲ್ಲೇ ಓಡುತ್ತದೆ. ಅಥ್ಲಾನ್ ಮಾತ್ರ ಕೂಲ್ ಆ್ಯಂಡ್ ಕ್ವಯೆಟ್ ಎಂಬ ಕರೆಂಟ್ ಉಳಿಸುವ ಸೌಲಭ್ಯದಿಂದ 1 ಗಿಗಾಹರ್ಟ್ಸ್‌ಗೆ ಇಳಿಯುತ್ತದೆ, ವೋಲ್ಟೇಜೂ ಇಳಿಯುತ್ತದೆ. ಆದರೆ ವಿಂಡೋಸ್ ಎಕ್ಸ್‌ಪಿಯಲ್ಲಿ ಇದು ತಾನಾಗಿ ಬರುವುದಿಲ್ಲ. ಬಯಾಸ್‌ನಲ್ಲಿ (ಬೋರ್ಡಿನದೇ ಸೆಟ್ಟಿಂಗ್ ಪರದೆ) ಆನ್ ಮಾಡಿ, ಎಎಂಡಿ ಪ್ರೊಸೆಸರ್ ಡ್ರೈವರ್ ಹಾಕಿ, ಪವರ್ ಆಪ್ಷನ್ಸ್‌ನಲ್ಲಿ ‘ಮಿನಿಮಲ್ ಪವರ್ ಮ್ಯಾನೇಜ್‌ಮೆಂಟ್’ ಆರಿಸಬೇಕು. ಮೂರರಲ್ಲಿ ಒಂದು ಬಿಟ್ಟರೂ 2 ಗಿಗಾಹರ್ಟ್ಸ್‌ನಲ್ಲೇ ನಿಂತಿರುತ್ತದೆ.

ರಿಪೇರಿಗೆ ಬಿಚ್ಚುವಾಗ ಮಾತ್ರ ಅಥ್ಲಾನ್ ಕಾಟ ಕೊಡುತ್ತದೆ. ಅದು ಕೂರುವ ಸಾಕೆಟ್ 939ರಲ್ಲಿ ಪಿನ್‌ಗಳು ಇರುವುದು ಸಿಪಿಯುನಲ್ಲಿ. ನಡುವಿನ ಶಾಖ ಸಾಗಿಸುವ ಪೇಸ್ಟ್ ಒಣಗಿ ಅಂಟಿಕೊಂಡಿದ್ದರೆ, ಹೀಟ್‌ಸಿಂಕ್ (ಸಿಪಿಯು ತಣಿಸುವ ಲೋಹದ ತುಂಡು) ಎತ್ತಿದಾಗ ಲಿವರ್ ಹಾಕಿದ್ದರೂ ಸಿಪಿಯು ಕಿತ್ತುಕೊಂಡೇ ಬರುತ್ತದೆ, ಪಿನ್ ಬಾಗುತ್ತದೆ. ಮೊದಲು ಹತ್ತು ನಿಮಿಷ ಯಂತ್ರ ಓಡಿಸಿ ಬಿಸಿ ಮಾಡಿ, ಆಫ್ ಮಾಡಿ ವೈರ್ ಕಿತ್ತು, ಕ್ಲಿಪ್ ತೆಗೆದು, ಹೀಟ್‌ಸಿಂಕನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಚಿ. ಸಡಿಲವಾದ ಮೇಲೆ ಎತ್ತಿ. ಪೆಂಟಿಯಂನ ಎಲ್‌ಜಿಎ 775 ಸಾಕೆಟ್‌ನಲ್ಲಿ ಪಿನ್‌ಗಳು ಬೋರ್ಡಿನ ಮೇಲಿವೆ, ಬಾಗಿದರೆ ಬೋರ್ಡೇ ಹೋಯಿತು. ಅದರ ಹೀಟ್‌ಸಿಂಕಿನ ನಾಲ್ಕು ಪ್ಲಾಸ್ಟಿಕ್ ಕಾಲುಗಳನ್ನು ಎದುರುಬದುರಾಗಿ ಒತ್ತಿ, ಬೋರ್ಡಿನ ಹಿಂಬದಿಯಲ್ಲಿ ನಾಲ್ಕೂ ಹೊರಬಂದಿವೆಯೇ ನೋಡಿ. ಒಂದು ಕಾಲು ಕೂರದಿದ್ದರೆ ಪ್ರೆಸ್ಕಾಟ್ ಬಿಸಿಯಾಗಿ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ, ಜನ ವೈರಸ್ ಅಂದುಕೊಳ್ಳುತ್ತಾರೆ.

ತಿಂಗಳುಗಟ್ಟಲೆ ಮಳೆ ಹಿಡಿದಾಗ ಮುಚ್ಚಿಟ್ಟ ಯಂತ್ರ ಆನ್ ಆಗದೆ ಬೀಪ್ ಬೀಪ್ ಎಂದರೆ ಹೆಚ್ಚಿನಂಶ ರ‍್ಯಾಮ್‌ನ ಕಾಲುಗಳಿಗೆ ತೇವ ಹಿಡಿದಿರುತ್ತದೆ. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ, ಒರೆಸಿ ಹಾಕಿ. ಇದಕ್ಕೆ ಕಂಪನಿಯ ಭೇದವಿಲ್ಲ.

939 ಬೋರ್ಡಿಗೆ ಡಿಡಿಆರ್1 ರ‍್ಯಾಮ್ ಮಾತ್ರ, 1 ಜಿಬಿಯ ಕಡ್ಡಿ ಸಿಗುವುದೇ ಕಷ್ಟ. ಎರಡು ಕಡ್ಡಿ ಸಿಕ್ಕರೆ ಡ್ಯುಯಲ್ ಚಾನೆಲ್‌ನ ಜೋಡಿ ಸ್ಲಾಟ್‌ಗೇ ಹಾಕಿ. ಆದರೆ ಬಯಾಸ್ ಅಪ್‌ಡೇಟ್ ಸಿಕ್ಕರೆ ಅದೇ ಬೋರ್ಡಿಗೆ ಎರಡು ಕೋರ್‌ಗಳ ಅಥ್ಲಾನ್ 64 ಎಕ್ಸ್2 ಹಾಕಬಹುದು. 915 ಚಿಪ್‌ಸೆಟ್‌ನ ಪೆಂಟಿಯಂ ಬೋರ್ಡಿಗೆ ಆ ದಾರಿಯಿಲ್ಲ. ಬರೀ ‘530’ ಎಂದಿರುವ ಚಿಪ್ 64 ಬಿಟ್‌ನದಲ್ಲ, ಮೆಮೊರಿಯ ಮಾಹಿತಿ ಜಾಗದಿಂದ ಕಳ್ಳ ಆದೇಶ ಓಡದಂತೆ ತಡೆಯುವ ಎನ್‌ಎಕ್ಸ್ ಸೌಲಭ್ಯವೂ ಅದರಲ್ಲಿ ಇಲ್ಲ, ಹಾಗಾಗಿ ವಿಂಡೋಸ್ 8 ಕೂರುವುದಿಲ್ಲ. ಪೆಂಟಿಯಂ ಬೇಕೇಬೇಕೆಂದರೆ 531 ಕೇಳಿ, ಅದರಲ್ಲಿ ಎರಡೂ ಇವೆ.

ಬೆಲೆ ಒಂದೇ ಇದ್ದರೆ ಅಥ್ಲಾನ್ ತೆಗೆದುಕೊಳ್ಳಿ. ಯಾವುದೇ ಆಗಲಿ, ದುಡ್ಡು ಕೊಡುವ ಮೊದಲು ಯಂತ್ರದ ಪಕ್ಕದ ಬಾಗಿಲು ಬಿಚ್ಚಿಸಿ ಸಿಪಿಯು ಪಕ್ಕದ ಕೆಪಾಸಿಟರ್‌ಗಳ ತಲೆ ನೋಡಿ. ಉಬ್ಬಿದ್ದರೆ, ಕಂದು ರಸ ಸೋರಿದ್ದರೆ ಬೇಡ.