ಡಬಲ್ ಎಂಡ್ ಬ್ಯಾಗ್: ಕುಳ್ಳ, ಚುರುಕು ಎದುರಾಳಿಗೆ ತಯಾರಾಗೋಕೆ ಅರ್ಧ ಮೇಷ್ಟ್ರು

ನಾನು ಆರಡಿ ಇದ್ದೇನೆ, ಕೈಯೂ ಉದ್ದ. ಆದರೂ ಬಾಕ್ಸಿಂಗ್ ಸ್ಪಾರಿಂಗ್‌ನಲ್ಲಿ (ಅಭ್ಯಾಸದ ಕಾದಾಟ) ನನ್ನ ಕಿವಿಯವರೆಗೂ ಬರದ ಒಬ್ಬ ಹುಡುಗ ಪ್ರತಿ ಸಲ ನನ್ನ ಜ್ಯಾಬ್ (ಮುಂದಿನ ಕೈಯ ನೇರ ಹೊಡೆತ) ಅಡಿಯಲ್ಲಿ ನುಸುಳಿ, ಹೊಟ್ಟೆಗೆ ಎರಡು ಕೊಟ್ಟು, ನಾನು ತಿರುಗೋ ಹೊತ್ತಿಗೆ ಪಕ್ಕದಲ್ಲಿ ನಿಂತಿರುತ್ತಿದ್ದ. ಆ ಸಿಟ್ಟಿಗೆ ತಗೊಂಡದ್ದು ಈ ಡಬಲ್ ಎಂಡ್ ಬ್ಯಾಗ್. ನಾಲ್ಕು ತಿಂಗಳಾಯಿತು.

ಗಾಳಿ ತುಂಬುವ ಚಿಕ್ಕ ಚೆಂಡು, ಮೇಲೊಂದು ಕೆಳಗೊಂದು ಎಲಾಸ್ಟಿಕ್ ಹಗ್ಗ, ಸೂರಿಗೂ ನೆಲಕ್ಕೂ ಕಟ್ಟಬೇಕು, ಅಷ್ಟೇ. ಹೊಡೆದರೆ ಹಿಂದೆ ಹೋಗಿ ನೇರ ಮೂಗಿನ ಕಡೆಗೇ ವಾಪಸ್ ಬರುತ್ತದೆ. ಮೊದಲ ವಾರ ನಾನು ಹೊಡೆದದ್ದಕ್ಕಿಂತ ಹೊಡೆಸಿಕೊಂಡದ್ದೇ ಜಾಸ್ತಿ.

ಮೊದಲು ನನ್ನ ಗದ್ದದ ಎತ್ತರಕ್ಕೆ ಕಟ್ಟಿದ್ದೆ. ದಡ್ಡತನ. ಬಗ್ಗಿಕೊಂಡು ಬರೋನ ತಲೆ ಅಲ್ಲೆಲ್ಲಿ ಇರುತ್ತದೆ? ಎದೆ ಮಟ್ಟಕ್ಕೆ ಇಳಿಸಿದ ಮೇಲೆ ನಿಜವಾದ ಪಾಠ ಶುರುವಾಯಿತು. ಕೆಳಗೆ ಜ್ಯಾಬ್ ಬಿಡುವಾಗ ಸೊಂಟ ಬಗ್ಗಿಸಿದರೆ ಗದ್ದ ಮುಂದೆ ಹೋಗಿ ಹೊಡೆತಕ್ಕೆ ಸಿಗುತ್ತದೆ, ಮಂಡಿ ಮಡಿಸಬೇಕು. ಕೋಚ್ ಇದನ್ನೇ ಹೇಳಿ ಹೇಳಿ ಸುಸ್ತಾಗಿದ್ದರು. ಚೆಂಡು ಹಣೆಗೆ ಬಡಿದ ಮೇಲೆ ನನಗೆ ಅರ್ಥವಾಯಿತು.

ಇನ್ನೊಂದು, ಚೆಂಡನ್ನು ಅಟ್ಟಿಸಿಕೊಂಡು ಹೊಡೆಯೋಕೆ ಹೋದರೆ ಕೈ ಬರೀ ಗಾಳಿಗೆ. ಅದು ವಾಪಸ್ ಬರುವ ದಾರಿಯಲ್ಲಿ ಸುಮ್ನೆ ಮುಷ್ಟಿ ಇಟ್ಟರೆ ಅದೇ ಬಂದು ತಗಲುತ್ತದೆ, ಅದಕ್ಕೆ ವೇಗ ಬೇಡ, ಹೊತ್ತು ಗೊತ್ತಿರಬೇಕು. 2002ರಲ್ಲಿ 6 ಅಡಿ 5 ಇಂಚಿನ ಬಾಕ್ಸರ್ ಲೆನಾಕ್ಸ್ ಲೂಯಿಸ್, 5 ಅಡಿ 10 ಇಂಚಿನ ಮೈಕ್ ಟೈಸನ್‌ಗೆ ಮಾಡಿದ್ದೂ ಹೀಗೇ. ದೂರದಲ್ಲಿದ್ದರೆ ಜ್ಯಾಬ್, ಒಳಗೆ ನುಗ್ಗಿದರೆ ಕೆಳಗಿಂದ ಮೇಲಕ್ಕೆ ಹೊಡೆಯೋ ಅಪ್ಪರ್‌ಕಟ್, ಅದೂ ದಾಟಿ ಬಂದರೆ ತಬ್ಬಿ ಮೈಭಾರ ಹಾಕೋದು. ಎಂಟನೇ ರೌಂಡ್‌ನಲ್ಲಿ ಟೈಸನ್ ನಾಕೌಟ್. ಆಗ ಟೈಸನ್ ಹಳೇ ಟೈಸನ್ ಆಗಿರಲಿಲ್ಲ, ಅದೂ ನಿಜ.

ಆದರೆ ಚೆಂಡಿಗೆ ಕಾಲಿಲ್ಲ, ಅಲ್ವಾ? ಚುರುಕು ಹುಡುಗರ ಹಿಂದೆ ಹಿಂದೆ ನಡೆಯದೆ, ಅವರು ಹೋಗೋ ಕಡೆಗೆ ಅಡ್ಡ ಹೆಜ್ಜೆ ಹಾಕಿ, ದಾರಿ ಮುಚ್ಚಿ, ಮೆಲ್ಲಗೆ ಮೂಲೆಗೆ ಸೇರಿಸೋ ಕೆಲಸವನ್ನು ಇದು ಒಂದಿಷ್ಟೂ ಕಲಿಸಲ್ಲ. ಅವರ ಕಾಲು ನಿಧಾನ ಮಾಡಿಸೋದು ಹೊಟ್ಟೆ, ಪಕ್ಕೆಗೆ ಬಿದ್ದ ಹೊಡೆತ. ಅದಕ್ಕೆ ತೂಗುಹಾಕೋ ಭಾರದ ಚೀಲ, ಹೆವಿ ಬ್ಯಾಗೇ ಬೇಕು. ತಬ್ಬೋದಕ್ಕಂತೂ ಮನುಷ್ಯನೇ ಬೇಕು.

ವಸ್ತುವಿನ ವಿಷಯ. ಹೊಲಿಗೆ ಗಟ್ಟಿ. ಒಳಗೆ ಗಾಳಿ ಹಿಡಿದಿಡೋ ಬ್ಲ್ಯಾಡರ್ ಮಾತ್ರ ಕಳಪೆ, ಎರಡನೇ ತಿಂಗಳಿಂದ ದಿನಾ ಗಾಳಿ ಹೊಡೀತಿದ್ದೇನೆ. ಕೆಳಗಿನ ಹಗ್ಗವೂ ಜಗ್ಗಿ ಉದ್ದವಾಗಿದೆ. ಬಿಗಿ ಕಟ್ಟಿದರೆ ಚೆಂಡು ಚುರುಕು, ಸಡಿಲ ಬಿಟ್ಟರೆ ನಿಧಾನಕ್ಕೆ ಅಲೆದಾಡುತ್ತದೆ, ಹಾಗಾಗಿ ಹೊಸಬರು ಸಡಿಲದಿಂದಲೇ ಶುರು ಮಾಡಿ. ಚೆಂಡುಗಳಲ್ಲಿ ದೊಡ್ಡದನ್ನೇ ತಗೊಳ್ಳಿ, ತೀರಾ ಚಿಕ್ಕದು ಮುಷ್ಟಿಗೆ ಸಿಗೋದೇ ಇಲ್ಲ.

ಹೋದ ವಾರ ಅದೇ ಹುಡುಗ ನುಸುಳಿ ಬರುತ್ತಾ ನನ್ನ ಜ್ಯಾಬ್‌ಗೆ ತಾನೇ ಬಂದು ಹಣೆ ಕೊಟ್ಟ. "ಅಣ್ಣಾ, ಇವತ್ತು ಕೈ ಕೆಳಗೆ ಬಂತಲ್ಲ" ಅಂದ. ಮುಂದಿನ ರೌಂಡ್‌ಗೆ ಪಕ್ಕದಿಂದ ಬರೋಕೆ ಶುರು ಮಾಡಿದ, ಮತ್ತೆ ಹೊಟ್ಟೆಗೆ ಬಿತ್ತು. ಈ ಬ್ಯಾಗ್‌ಗೆ ಐದಕ್ಕೆ ಮೂರೂವರೆ. ಬ್ಲ್ಯಾಡರ್ ಸರಿ ಇದ್ದಿದ್ದರೆ ನಾಲ್ಕು.