ಹೊಸ ಮಿರರ್‌ಲೆಸ್ ಕ್ಯಾಮೆರಾಗೆ ಮೊದಲ ಲೆನ್ಸ್: 18-50 ತಗೊಳ್ಳೋದಾ, 18-300 ತಗೊಳ್ಳೋದಾ?

ಎಪಿಎಸ್-ಸಿ ಸೆನ್ಸರ್‌ನ (ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸರ್) ಮಿರರ್‌ಲೆಸ್, ಅಂದರೆ ಒಳಗೆ ಕನ್ನಡಿ ಇಲ್ಲದ, ಕ್ಯಾಮೆರಾ ತಗೊಂಡವರಿಗೆ ಒಂದೇ ಲೆನ್ಸ್ ಸಾಕು ಅನ್ನಿಸಿದರೆ, ಇವೆರಡನ್ನು ನೋಡಬಹುದು: ಸಿಗ್ಮಾ 18-50 ಎಫ್/2.8 ಮತ್ತು ಟ್ಯಾಮ್ರಾನ್ 18-300 ಎಫ್/3.5-6.3. ಮೊದಲ ಅಂಕಿಗಳು ಮಿಲಿಮೀಟರ್‌ನಲ್ಲಿ ಜೂಮ್: ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ. ಎಫ್ ಪಕ್ಕದ ಅಂಕಿ ಚಿಕ್ಕದಾದಷ್ಟೂ ಒಳಗೆ ಬರುವ ಬೆಳಕು ಜಾಸ್ತಿ.

ಮೈಸೂರಿನ ದೇವರಾಜ ಮಾರುಕಟ್ಟೆಯ ಒಳಗೆ ಬೆಳಕು ಕಡಿಮೆ. ಮಲ್ಲಿಗೆ ಕಟ್ಟುವವರ ಬೆರಳು ಮಾತ್ರ ನಿಲ್ಲುವುದೇ ಇಲ್ಲ. ಅಲ್ಲಿ ಸಿಗ್ಮಾನೇ ಬೇಕು. ಎಫ್/2.8 ಇದ್ದರೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) ಜಾಸ್ತಿ ಏರಿಸದೆ ಶಟರ್ ವೇಗ ಹೆಚ್ಚಿಸಬಹುದು. ಪೂರ್ತಿ ಜೂಮ್ ಮಾಡಿದ ಟ್ಯಾಮ್ರಾನ್‌ನ ಎಫ್/6.3ಗೆ ಹೋಲಿಸಿದರೆ ಸುಮಾರು ಐದು ಪಟ್ಟು ಬೆಳಕು ಒಳಗೆ ಬರುತ್ತದೆ. ಸಿಗ್ಮಾದಲ್ಲಿ ಸ್ಟೆಬಿಲೈಸೇಶನ್ ಇಲ್ಲ, ಟ್ಯಾಮ್ರಾನ್‌ನಲ್ಲಿ ಇದೆ. ಆದರೆ ಅದು ತಡೆಯುವುದು ನಮ್ಮ ಕೈ ನಡುಕವನ್ನು, ಅವರ ಬೆರಳಿನ ಓಟವನ್ನಲ್ಲ.

ರಂಗನತಿಟ್ಟಿನ ದೋಣಿಯಲ್ಲಿ ಕೂತಾಗ ಲೆಕ್ಕ ತಿರುಗುತ್ತದೆ. 50ರಲ್ಲಿ ಕೊಕ್ಕರೆ ಬರೀ ಬಿಳಿ ಚುಕ್ಕೆ. 300 ಅಂದರೆ ಫುಲ್ ಫ್ರೇಮ್ ಕ್ಯಾಮೆರಾದ ಲೆಕ್ಕದಲ್ಲಿ ಸುಮಾರು 450 ಮಿಲಿಮೀಟರ್, ಗೂಡಿನೊಳಗಿನ ಮರಿಯೂ ಕಾಣುತ್ತದೆ. ಬೆಳಗಿನ ಬಿಸಿಲಿಗೆ ಎಫ್/6.3 ಸಾಕು.

ತೂಕ? ಸಿಗ್ಮಾ ಸುಮಾರು 290 ಗ್ರಾಂ, ಟ್ಯಾಮ್ರಾನ್ 620.

ಮನೆ, ಮಕ್ಕಳು, ಮದುವೆ, ಬೀದಿ ನಿಮ್ಮ ವಿಷಯವಾದರೆ ಸಿಗ್ಮಾ ತಗೊಳ್ಳಿ. ಭಾನುವಾರ ಬಂದರೆ ಕೊಕ್ಕರೆಬೆಳ್ಳೂರಿನ ಕಡೆ ಹೊರಡುವವರಾದರೆ ಕಣ್ಣು ಮುಚ್ಚಿ ಟ್ಯಾಮ್ರಾನ್. ದುಡ್ಡು ಕೊಡುವ ಮೊದಲು ಲೆನ್ಸ್ ನಿಮ್ಮ ಕ್ಯಾಮೆರಾದ ಮೌಂಟ್‌ಗೆ (ಲೆನ್ಸ್ ಕೂರುವ ಜಾಗ) ಹೊಂದುತ್ತದಾ ಅಂತ ಅಂಗಡಿಯಲ್ಲೇ ಹಾಕಿ ನೋಡಿ.