ಕೋಸ್ಟಾ ಡೆಲ್ ಸೋಲ್: ಕಣಿವೆಗೆ ಪೂರ್ತಿ ಅಂಕ, ಮರಳಿಗೆ ಅರ್ಧ

ಸ್ಪೇನಿನ ಈ ದಕ್ಷಿಣ ಕರಾವಳಿಗೆ ಹೋಗುವವರಲ್ಲಿ ಹೆಚ್ಚಿನವರು ಕಡಲಿಗೆ ಮುಖ ಮಾಡಿದ ಹೋಟೆಲನ್ನೇ ಹುಡುಕುತ್ತಾರೆ. ಅದರ ಬದಲು ಮಾಲಗ ನಗರದಲ್ಲೇ ರೂಮು ಹಿಡಿಯುವುದು ಒಳ್ಳೆಯದು. ಇಲ್ಲಿನ ಕಡಲತೀರ ಸಾಧಾರಣ. ಹಲವೆಡೆ ಮರಳು ಬೂದು ಬಣ್ಣದ್ದು, ಒರಟು. ನೋಡಲೇಬೇಕಾದ ಜಾಗಗಳು ಊರೊಳಗೆ ಮತ್ತು ಬೆಟ್ಟದ ಕಡೆಗಿವೆ, ಅವಕ್ಕೆಲ್ಲ ಬಸ್ಸು, ರೈಲು ಹೊರಡುವುದು ಮಾಲಗದಿಂದಲೇ.

ಮೊದಲು ಸಿ-1 ರೈಲು. ಮಾಲಗದಿಂದ ವಿಮಾನ ನಿಲ್ದಾಣ, ಟೊರೆಮೊಲಿನೋಸ್, ಬೆನಲ್ಮಾಡೆನಾ ದಾಟಿ ಫ್ವೆಂಗಿರೋಲಾದವರೆಗೆ, ಹೆಚ್ಚುಕಮ್ಮಿ 20 ನಿಮಿಷಕ್ಕೊಂದು. ದಾರಿಯ ಬಹುಪಾಲು ಒಂಟಿ ಹಳಿ, ಎದುರಿನ ಗಾಡಿಗೆ ಕಾಯಬೇಕು. ಹಾಗಾಗಿ ಇದಕ್ಕಿಂತ ಪದೇ ಪದೇ ಓಡಿಸಲು ಆಗುವುದಿಲ್ಲ. ಹೊರಗೆ ಬರುವಾಗಲೂ ಗೇಟಿಗೆ ಟಿಕೆಟ್ ತೋರಿಸಬೇಕು, ಎಸೆಯಬೇಡಿ. ಫ್ವೆಂಗಿರೋಲಾಕ್ಕೆ ಹಳಿ ಮುಗಿಯುತ್ತದೆ. ಮಾರ್ಬೆಯಾಕ್ಕೂ ನೆರ್ಹಾಕ್ಕೂ ರೈಲೇ ಇಲ್ಲ, ಬಸ್ಸೇ ಗತಿ. ಇದು ಗೊತ್ತಿಲ್ಲದೆ ಮಾರ್ಬೆಯಾದಲ್ಲಿ ರೂಮು ಮಾಡಿದರೆ ದಿನದ ಅರ್ಧ ಹೊತ್ತು ಬಸ್ಸಿನಲ್ಲೇ ಕಳೆದೀತು.

ಈ ಭಾಗದಲ್ಲಿ ಒಂದೇ ಒಂದು ಜಾಗಕ್ಕೆ ಪೂರ್ತಿ ಅಂಕ ಕೊಡುವುದಾದರೆ ಅದು ಕಮಿನಿಟೊ ಡೆಲ್ ರೇ. ಗೈಟಾನೆಸ್ ಕಮರಿಯ ಬಂಡೆಗೆ ಅಂಟಿಸಿದ ಹಲಗೆ ದಾರಿ, ಕೆಲವು ಕಡೆ ನದಿಯಿಂದ 100 ಮೀಟರ್ ಎತ್ತರ. ಜಲವಿದ್ಯುತ್ ಕೆಲಸಗಾರರಿಗೆಂದು 1905ರಲ್ಲಿ ಮುಗಿದ ದಾರಿ ಇದು. 1921ರಲ್ಲಿ ದೊರೆ 13ನೇ ಅಲ್ಫಾನ್ಸೊ ಇಲ್ಲಿಗೆ ಬಂದಿದ್ದರಿಂದ ‘ದೊರೆಯ ಕಿರುದಾರಿ’ ಎಂಬ ಹೆಸರು. ಪಾಳುಬಿದ್ದು ಜನ ಸತ್ತ ಮೇಲೆ ಮುಚ್ಚಿ, ಹೊಸದಾಗಿ ಕಟ್ಟಿ 2015ರಲ್ಲಿ ತೆರೆದರು. ಹೊಸ ಹಲಗೆಯ ಕೆಳಗೆ ಹಳೆಯ ಕಾಂಕ್ರೀಟ್ ಪಟ್ಟಿ ಈಗಲೂ ಇದೆ. ಅಲ್ಲಲ್ಲಿ ಉದುರಿ ಬರೀ ಕಬ್ಬಿಣದ ತೊಲೆ ಚಾಚಿಕೊಂಡಿರುತ್ತದೆ. ಒಂದು ಕ್ಷಣ ನಿಂತು ಅದನ್ನು ನೋಡಿ.

ಒಟ್ಟು ನಡಿಗೆ 7.7 ಕಿ.ಮೀ., ಹಲಗೆ ದಾರಿ ಅದರಲ್ಲಿ 2.9. ಉತ್ತರದಿಂದ ದಕ್ಷಿಣಕ್ಕೆ ಮಾತ್ರ ಬಿಡುತ್ತಾರೆ, ಹಿಂದಿರುಗಿ ಬರುವಂತಿಲ್ಲ. ಎಡವಟ್ಟಾಗುವುದು ಇಲ್ಲೇ: ರೈಲು ಇಳಿಯುವ ಎಲ್ ಚೊರೊ ನಿಲ್ದಾಣ ದಾರಿ ಮುಗಿಯುವ ತುದಿಯಲ್ಲಿದೆ. ಅಲ್ಲಿಂದ ಶಟಲ್ ಬಸ್ ಹಿಡಿದು ಉತ್ತರಕ್ಕೆ ಹೋಗಿ, ಮತ್ತೆ ಟಿಕೆಟ್ ಕೌಂಟರಿನವರೆಗೆ ಕಾಲ್ನಡಿಗೆ. ಸುರಂಗದ ಮೂಲಕ ಎರಡು ದಾರಿ: ಒಂದು ಸುಮಾರು 1.5 ಕಿ.ಮೀ., ಇನ್ನೊಂದು 2.7. ಟಿಕೆಟಿನಲ್ಲಿರುವ ಸಮಯ ಕೌಂಟರಿನದ್ದು, ಬಸ್ ಇಳಿಯುವ ಜಾಗದ್ದಲ್ಲ. ಬಸ್ ಇಳಿಯುವುದಕ್ಕೂ ಟಿಕೆಟ್ ಸಮಯಕ್ಕೂ ನಡುವೆ ಒಂದು ಗಂಟೆಯಾದರೂ ಇಟ್ಟುಕೊಳ್ಳಿ. ಸೋಮವಾರ ರಜೆ. 8 ವರ್ಷದೊಳಗಿನ ಮಕ್ಕಳಿಗೆ ಪ್ರವೇಶವಿಲ್ಲ. ಹೆಲ್ಮೆಟ್ ಅವರೇ ಕೊಡುತ್ತಾರೆ. ಹಲಗೆ ದಾರಿಯಲ್ಲಿ ಶೌಚಾಲಯವಿಲ್ಲ. ಗಾಳಿ ಜೋರಾದರೆ ಮುಚ್ಚುತ್ತಾರೆ, ಆದ್ದರಿಂದ ಪ್ರವಾಸದ ಕೊನೆಯ ದಿನಕ್ಕೆ ಇದನ್ನು ಇಟ್ಟುಕೊಳ್ಳಬೇಡಿ. ಟಿಕೆಟ್ ವಾರಗಟ್ಟಲೆ ಮೊದಲೇ ಖಾಲಿಯಾಗುತ್ತದೆ.

ಮಾಲಗದ ಅಲ್ಕಜಾಬಾ ಮತ್ತು ಹಿಬ್ರಾಲ್ಫಾರೊ ಕೋಟೆಗಳಿಗೆ ಜಂಟಿ ಟಿಕೆಟ್ ಸಿಗುತ್ತದೆ. ಎರಡೂ ಒಂದಕ್ಕೊಂದು ತಾಗಿದಂತೆ ಕಂಡರೂ ಒಳಗಿನಿಂದ ದಾರಿಯಿಲ್ಲ. 35ನೇ ನಂಬರಿನ ಬಸ್ಸಿನಲ್ಲಿ ಮೇಲಿನ ಹಿಬ್ರಾಲ್ಫಾರೊ ಕೋಟೆಗೆ ಹೋಗಿ ಇಳಿಜಾರಿನಲ್ಲಿ ನಡೆದು ಬನ್ನಿ. ಈ ಕ್ರಮ ತಿರುಗಿಸಿದರೆ ಬಿಸಿಲಿನಲ್ಲಿ ಏರು ಹತ್ತುವುದಷ್ಟೇ ಲಾಭ. ನೆರ್ಹಾ ಗುಹೆ 1959ರಲ್ಲಿ ಪತ್ತೆಯಾದದ್ದು, ಅದರ 32 ಮೀಟರ್ ಎತ್ತರದ ಸುಣ್ಣಕಲ್ಲಿನ ಕಂಬ ಭವ್ಯವಾಗಿದೆ. ಆದರೆ ಹಳೆಯ ಗುಹಾಚಿತ್ರಗಳಿರುವ ಭಾಗಕ್ಕೆ ಪ್ರವಾಸಿಗರನ್ನು ಬಿಡುವುದಿಲ್ಲ.

ಊಟಕ್ಕೆ ಮಾಲಗದ ಪೆದ್ರೆಗಲೆಹೊ ಅಥವಾ ಎಲ್ ಪಾಲೊ ದಂಡೆ. ಮರಳು ತುಂಬಿದ ಹಳೇ ದೋಣಿಯಲ್ಲಿ ಕಟ್ಟಿಗೆ ಉರಿಸಿ ಸಾರ್ಡಿನ್ ಸುಡುತ್ತಾರೆ, ಎಸ್ಪೆಟೊ ಎಂದರೆ ಇದೇ. ಐದಾರು ಮೀನನ್ನು ಬಿದಿರಿನಂಥ ಕಡ್ಡಿಗೆ, ಬೆನ್ನುಮೂಳೆ ಕಡ್ಡಿಯ ಮೇಲೆ ಬರುವಂತೆ ಚುಚ್ಚುತ್ತಾರೆ. ಮೂಳೆ ಆಧಾರವಾಗಿ ನಿಂತರೆ ಬೆಂದ ಮೀನು ಕಳಚಿ ಬೀಳುವುದಿಲ್ಲ. ಕಡ್ಡಿಯನ್ನು ಗಾಳಿ ಬೀಸಿ ಬರುವ ಕಡೆಗೇ ನೆಟ್ಟರೆ ಹೊಗೆ ಆಚೆ ಹೋಗುತ್ತದೆ, ಮೀನಿಗೆ ಕೆಂಡದ ಕಾವು ಮಾತ್ರ ತಟ್ಟುತ್ತದೆ. ಹರಳುಪ್ಪು ಬಿಟ್ಟು ಬೇರೇನೂ ಹಾಕುವುದಿಲ್ಲ. ಮೇಯಿಂದ ಆಗಸ್ಟ್‌ವರೆಗೆ ಮೀನಿನಲ್ಲಿ ಕೊಬ್ಬು ಹೆಚ್ಚು, ಆಗಲೇ ರುಚಿ. ಕೈಯಿಂದ ಬಿಡಿಸಿ ತಿನ್ನಬೇಕು, ಫೋರ್ಕ್ ಹಿಡಿದರೆ ಮುಳ್ಳು ಪುಡಿಯಾಗಿ ಮಾಂಸಕ್ಕೆ ಸೇರುತ್ತದೆ.

ಈಜುವವರು ಗಾಳಿಯ ದಿಕ್ಕು ನೋಡಿ ಹೊರಡಿ. ಪೋನಿಯೆಂಟೆ ಎಂಬ ಪಡುವಣ ಗಾಳಿ ಮೇಲ್ನೀರನ್ನು ಆಚೆ ತಳ್ಳಿ ಆಳದ ತಣ್ಣೀರನ್ನು ಮೇಲಕ್ಕೆ ತರುತ್ತದೆ. ಒಳನಾಡಿನಿಂದ ಬಿಸಿಯಾಗಿ ಬೀಸುವ ತೆರಾಲ್ ಇದ್ದಾಗಲೂ ಅಷ್ಟೇ: ದಂಡೆಯ ಮೇಲೆ ಕಾವಲಿಯ ಬಿಸಿ, ನೀರಿಗಿಳಿದರೆ ಕಾಲು ಸೆಟೆಯುವ ಚಳಿ. ಲೆವಾಂಟೆ ಎಂಬ ಮೂಡಣ ಗಾಳಿ ನೀರನ್ನು ಬೆಚ್ಚಗೆ ಇಡುತ್ತದೆ, ಆದರೆ ಅಲೆಯನ್ನೂ ಎಬ್ಬಿಸುತ್ತದೆ.